ಹದಿನಾರು ದಿನದ ಕಾಲ್ನಡಿಗೆಗೆ ಎಂಥ ಸೌರ ಚಾರ್ಜರ್ ಒಯ್ಯಬೇಕು?

ಪ್ರಶ್ನೆ: ನಾವು ಮೂವರು ಗೆಳೆಯರು ವಿದ್ಯುತ್ ಸಂಪರ್ಕವೇ ಇಲ್ಲದ ಪರ್ವತ ಪ್ರದೇಶವೊಂದರಲ್ಲಿ 16 ದಿನ ಕಳೆಯಲಿದ್ದೇವೆ. ಇದರಲ್ಲಿ 12 ದಿನ ನಡಿಗೆ, 4 ದಿನ ಒಂದೇ ಕಡೆ ವಿಶ್ರಾಂತಿ. ಮೂರು ಸ್ಮಾರ್ಟ್‌ಫೋನ್, ಒಂದು ಕ್ಯಾಮೆರಾ, ಒಂದು ಉಪಗ್ರಹ ಸಂದೇಶ ಸಾಧನ ಮತ್ತು ಮೂರು ಹೆಡ್‌ಲ್ಯಾಂಪ್‌ಗಳು ಜೊತೆಯಲ್ಲಿರುತ್ತವೆ. ಮೂರು ಬಗೆಯ ಚಾರ್ಜರ್‌ಗಳನ್ನು ನೋಡಿಟ್ಟಿದ್ದೇವೆ: ನಾಲ್ಕು ಪುಟ್ಟ ಸೌರಫಲಕಗಳು ಮಡಿಕೆಯಾಗಿ ಅಂಟಿಕೊಂಡಿರುವ 26,800 ಎಂಎಎಚ್ ಪವರ್ ಬ್ಯಾಂಕ್, ಎರಡು ಯುಎಸ್‌ಬಿ ಕಿಂಡಿಗಳಿರುವ 28 ವ್ಯಾಟ್‌ನ ಮಡಚುವ ಫಲಕ, 60 ವ್ಯಾಟ್‌ನ ದೊಡ್ಡ ಫಲಕ ಮತ್ತು ಅದರೊಂದಿಗೆ ಬರುವ ಪವರ್ ಸ್ಟೇಷನ್, ಅಂದರೆ ದೊಡ್ಡ ಬ್ಯಾಟರಿ ಪೆಟ್ಟಿಗೆ. ಯಾವುದು ಸೂಕ್ತ? ಫಲಕವನ್ನು ಬೆನ್ನುಚೀಲಕ್ಕೆ ಕಟ್ಟಿಕೊಂಡು ನಡೆದರೆ ದಿನವಿಡೀ ಚಾರ್ಜ್ ಆಗುತ್ತದೆಯೇ?

ಉತ್ತರ: ನೀವು ಹೇಳಿದ ಪ್ರವಾಸಕ್ಕೆ ಎರಡನೆಯದು, ಅಂದರೆ 28 ವ್ಯಾಟ್‌ನ ಮಡಚುವ ಫಲಕವೇ ಸರಿ. ಆದರೆ ಅದೊಂದೇ ಸಾಲದು, ಜೊತೆಗೆ ತಲಾ 20,000 ಎಂಎಎಚ್‌ನ ಎರಡು ಸಾಧಾರಣ ಪವರ್ ಬ್ಯಾಂಕ್‌ಗಳಿರಬೇಕು. ಬೆನ್ನುಚೀಲಕ್ಕೆ ಕಟ್ಟಿಕೊಳ್ಳುವುದರಿಂದ ಸಿಗುವ ಲಾಭ ತೀರ ಕಡಿಮೆ. ಈ ಎರಡು ಉತ್ತರಗಳ ಹಿಂದಿನ ಲೆಕ್ಕವನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ದಿನಗಳ ಸಂಖ್ಯೆಯೋ ಸಾಧನಗಳ ಪಟ್ಟಿಯೋ ಸ್ವಲ್ಪ ಬದಲಾದರೂ ಆಯ್ಕೆ ಬದಲಾಗಬಹುದು, ಮತ್ತು ಕೆಲವು ಪ್ರವಾಸಗಳಿಗೆ ಸೌರಫಲಕವೇ ಬೇಕಿಲ್ಲ ಎಂಬ ತೀರ್ಮಾನಕ್ಕೂ ಇದೇ ಲೆಕ್ಕ ತಂದು ನಿಲ್ಲಿಸುತ್ತದೆ.

ಮೊದಲು ಅಳತೆಯ ಮಾನದ ವಿಷಯ. ಪವರ್ ಬ್ಯಾಂಕಿನ ಮೇಲೆ ದೊಡ್ಡದಾಗಿ ಮುದ್ರಿಸಿರುವ ಎಂಎಎಚ್, ಅಂದರೆ ಮಿಲಿಆಂಪಿಯರ್-ಗಂಟೆ, ವಿದ್ಯುದಾವೇಶದ ಅಳತೆಯೇ ಹೊರತು ಶಕ್ತಿಯ ಅಳತೆಯಲ್ಲ. ಎಷ್ಟು ವೋಲ್ಟ್‌ನಲ್ಲಿ ಎಂಬುದು ಗೊತ್ತಿಲ್ಲದೆ ಆ ಸಂಖ್ಯೆಗೆ ಅರ್ಥವಿಲ್ಲ. ಪವರ್ ಬ್ಯಾಂಕಿನ ಒಳಗಿರುವ ಲಿಥಿಯಂ-ಅಯಾನ್ ಕೋಶಗಳ ಸರಾಸರಿ ವೋಲ್ಟೇಜ್ ಸುಮಾರು 3.7. ಆದ್ದರಿಂದ 20,000 ಎಂಎಎಚ್ ಎಂದರೆ 20 ಆಂಪಿಯರ್-ಗಂಟೆಯನ್ನು 3.7ರಿಂದ ಗುಣಿಸಿದಾಗ ಬರುವ 74 ವ್ಯಾಟ್-ಗಂಟೆ. ಈ ಶಕ್ತಿಯೂ ಪೂರ್ತಿಯಾಗಿ ಫೋನಿಗೆ ಇಳಿಯುವುದಿಲ್ಲ. 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವಾಗ ಒಂದಿಷ್ಟು, ಫೋನಿನ ಒಳಗಿನ ಚಾರ್ಜಿಂಗ್ ಸರ್ಕ್ಯೂಟಿನಲ್ಲಿ ಮತ್ತೊಂದಿಷ್ಟು ಬಿಸಿಯಾಗಿ ಸೋರಿಹೋಗುತ್ತದೆ. ಮುಕ್ಕಾಲು ಪಾಲು ಉಳಿಯುತ್ತದೆಂದು ಎಣಿಸುವುದು ವ್ಯವಹಾರಕ್ಕೆ ಸಾಕಾದ ಅಂದಾಜು. ಹಾಗಾಗಿ 20,000ದ ಪವರ್ ಬ್ಯಾಂಕಿನಿಂದ 5,000ದ ಫೋನು ನಾಲ್ಕು ಸಲ ತುಂಬುತ್ತದೆಂದು ಭಾವಿಸಿ ಹೊರಟವರಿಗೆ ಮೂರನೆಯ ಸಲಕ್ಕೇ ಅದು ಬರಿದಾದಾಗ ಮೋಸಹೋದಂತೆ ಅನ್ನಿಸುತ್ತದೆ. ಮೋಸವೇನೂ ಆಗಿರುವುದಿಲ್ಲ, ಲೆಕ್ಕ ಹಾಕಿದ ಮಾನವೇ ತಪ್ಪಾಗಿರುತ್ತದೆ. ಎಲ್ಲವನ್ನೂ ವ್ಯಾಟ್-ಗಂಟೆಗೆ ಇಳಿಸಿಕೊಂಡರೆ ಫೋನು, ಕ್ಯಾಮೆರಾ, ಫಲಕ, ಪವರ್ ಬ್ಯಾಂಕ್ ಎಲ್ಲವೂ ಒಂದೇ ತಕ್ಕಡಿಯಲ್ಲಿ ತೂಗುವಂತಾಗುತ್ತವೆ.

ಈಗ ನಿಮ್ಮ ದಿನದ ಖರ್ಚನ್ನು ನೋಡೋಣ. 5,000 ಎಂಎಎಚ್‌ನ ಫೋನಿನ ಬ್ಯಾಟರಿ ಸುಮಾರು 19 ವ್ಯಾಟ್-ಗಂಟೆಯದು. ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ಭೂಪಟ ನೋಡಲು ಮತ್ತು ಚಿತ್ರ ತೆಗೆಯಲು ಮಾತ್ರ ಬಳಸಿದರೆ ದಿನಕ್ಕೆ ಮೂರನೇ ಒಂದು ಭಾಗ, ಅಂದರೆ 6 ವ್ಯಾಟ್-ಗಂಟೆ ಬೇಕಾಗುತ್ತದೆ. ಮೂರು ಫೋನಿಗೆ 18. ಕ್ಯಾಮೆರಾದ ಒಂದು ಬ್ಯಾಟರಿ ಸುಮಾರು 15 ವ್ಯಾಟ್-ಗಂಟೆ. ಎರಡು ದಿನಕ್ಕೊಂದು ಖಾಲಿಯಾಗುವುದೆಂದರೆ ದಿನಕ್ಕೆ ಏಳೂವರೆ. ಸಂದೇಶ ಸಾಧನ ಮತ್ತು ಹೆಡ್‌ಲ್ಯಾಂಪ್‌ಗಳದು ಸಣ್ಣ ಬಾಬತ್ತು, ಎಲ್ಲ ಸೇರಿ ದಿನಕ್ಕೆ 4 ಎಂದಿಟ್ಟುಕೊಳ್ಳಿ. ಒಟ್ಟು 30 ವ್ಯಾಟ್-ಗಂಟೆ ಸಾಧನಗಳೊಳಗೆ ಸೇರಬೇಕು. ಮುಕ್ಕಾಲು ಪಾಲಿನ ನಿಯಮದಂತೆ ಅದಕ್ಕಾಗಿ ಪವರ್ ಬ್ಯಾಂಕಿನಿಂದ ದಿನಕ್ಕೆ 40 ವ್ಯಾಟ್-ಗಂಟೆ ಹೊರಬರಬೇಕು. ಎಲ್ಲ ಸಾಧನಗಳನ್ನೂ ತುಂಬಿಸಿಕೊಂಡೇ ಹೊರಡುವುದರಿಂದ ಮೊದಲ ಮೂರು ದಿನದ ಖರ್ಚು ಅದರಲ್ಲೇ ಕಳೆಯಿತೆಂದರೂ, ಉಳಿದ 13 ದಿನಕ್ಕೆ 520 ವ್ಯಾಟ್-ಗಂಟೆ ಬೇಕು. ಇದನ್ನು ಪವರ್ ಬ್ಯಾಂಕ್‌ಗಳಲ್ಲಿಯೇ ಹೊತ್ತೊಯ್ಯುವುದಾದರೆ 20,000ದವು ಏಳು ಬೇಕಾಗುತ್ತವೆ. ಒಂದೊಂದು ಸುಮಾರು 350 ಗ್ರಾಂ ತೂಗುವುದರಿಂದ ಒಟ್ಟು ಭಾರ ಎರಡೂವರೆ ಕಿಲೋ ಸಮೀಪಿಸುತ್ತದೆ. 28 ವ್ಯಾಟ್‌ನ ಫಲಕ 600 ಗ್ರಾಂ ಆಸುಪಾಸು ಇರುತ್ತದೆ, ಎರಡು ಪವರ್ ಬ್ಯಾಂಕ್ ಸೇರಿದರೆ 1.3 ಕಿಲೋ. ನಿಮ್ಮ ವಿಷಯದಲ್ಲಿ ಸೌರಫಲಕ ತನ್ನ ತೂಕವನ್ನು ತಾನೇ ಸಮರ್ಥಿಸಿಕೊಳ್ಳುವುದು ಇಲ್ಲಿ.

ಇದೇ ಲೆಕ್ಕವನ್ನು ಒಬ್ಬರೇ ಒಂದು ವಾರ ಹೋಗುವವರಿಗೆ ಅನ್ವಯಿಸಿ ನೋಡಿ. ದಿನಕ್ಕೆ 10 ವ್ಯಾಟ್-ಗಂಟೆ ಸಾಕೆನ್ನುವವರಿಗೆ ಒಂದು 20,000ದ ಪವರ್ ಬ್ಯಾಂಕ್ ಐದೂವರೆ ದಿನ ಬರುತ್ತದೆ, ಎರಡಿದ್ದರೆ ಹನ್ನೊಂದು ದಿನ. ಅದರ ತೂಕ 700 ಗ್ರಾಂ ಮಾತ್ರ, ಮತ್ತು ಮೋಡ ಕವಿಯಲಿ ಮಳೆ ಸುರಿಯಲಿ ಅದರೊಳಗಿನ ಶಕ್ತಿ ಅಲ್ಲಿಯೇ ಇರುತ್ತದೆ. ಆದ್ದರಿಂದ ಹತ್ತು ದಿನಕ್ಕಿಂತ ಕಡಿಮೆ ಅವಧಿಗೆ ಒಬ್ಬರೇ ಹೋಗುವವರು ನನ್ನನ್ನು ಕೇಳಿದರೆ, ಸೌರಫಲಕ ಬೇಡ, ಇನ್ನೊಂದು ಪವರ್ ಬ್ಯಾಂಕ್ ಕೊಳ್ಳಿ ಎನ್ನುತ್ತೇನೆ. ಕೇಳಿದವರಲ್ಲಿ ಅನೇಕರಿಗೆ ಈ ಉತ್ತರ ರುಚಿಸುವುದಿಲ್ಲ. ಬಿಸಿಲಿನಿಂದ ಫೋನು ತುಂಬುವುದನ್ನು ನೋಡುವ ಸಂತೋಷವೇ ಬೇರೆ ಎಂಬುದನ್ನು ನಾನೂ ಒಪ್ಪುತ್ತೇನೆ.

ಇನ್ನು, ಫಲಕದ ಮೇಲೆ ಬರೆದಿರುವ 28 ವ್ಯಾಟ್ ಎಂಬುದರ ಅರ್ಥವೇನು? ಅದು ಪ್ರಯೋಗಾಲಯದ ಸಂಖ್ಯೆ. ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಲಂಬವಾಗಿ ಬೀಳುತ್ತಿದ್ದು, ಸೌರಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಾಗ ಆ ಕೋಶಗಳು ಕೊಡುವ ಶಕ್ತಿ ಅದು. ಬಯಲಿನಲ್ಲಿ ಈ ಎರಡು ಷರತ್ತುಗಳು ಒಟ್ಟಿಗೆ ಕೂಡಿಬರುವುದು ಅಪರೂಪ. ಅಷ್ಟು ಪ್ರಖರ ಬಿಸಿಲಿನಲ್ಲಿ ಕಪ್ಪು ಬಣ್ಣದ ಫಲಕ 55-60 ಡಿಗ್ರಿಗೆ ಕಾಯುತ್ತದೆ. ಸಿಲಿಕಾನ್ ಕೋಶಗಳ ಉತ್ಪಾದನೆ ಪ್ರತಿ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ಇಳಿಯುವುದರಿಂದ, ಬಿಸಿಯೊಂದರಿಂದಲೇ ಶೇ 10ಕ್ಕಿಂತ ಹೆಚ್ಚು ನಷ್ಟವಾಗುತ್ತದೆ. ಎತ್ತರದ ತಂಪು ಪ್ರದೇಶದಲ್ಲಿ ಈ ನಷ್ಟ ಕಡಿಮೆ, ಅಲ್ಲಿ ಗಾಳಿ ತೆಳುವಾಗಿರುವುದರಿಂದ ಬಿಸಿಲೂ ಹೆಚ್ಚು ತೀಕ್ಷ್ಣ, ಸುತ್ತ ಹಿಮವಿದ್ದರೆ ಅದು ಪ್ರತಿಫಲಿಸುವ ಬೆಳಕೂ ಸೇರಿಕೊಳ್ಳುತ್ತದೆ. ಪರ್ವತಕ್ಕೆ ಹೋಗುವ ನಿಮಗೆ ಇದು ಅನುಕೂಲದ ಸಂಗತಿ. ಆಮೇಲೆ ಕೋಶಗಳ ವಿದ್ಯುತ್ತನ್ನು ಸ್ಥಿರವಾದ 5 ವೋಲ್ಟಿಗೆ ಇಳಿಸುವ ನಿಯಂತ್ರಕ ಶೇ 10-15ರಷ್ಟು ತಾನೇ ನುಂಗುತ್ತದೆ. ಕೋನ ತಪ್ಪಿದರೆ ಇನ್ನಷ್ಟು ಹೋಗುತ್ತದೆ. ಫಲಕ ಬಿಸಿಲಿಗೆ 30 ಡಿಗ್ರಿ ಓರೆಯಾಗಿದ್ದರೆ ಶೇ 13ರಷ್ಟು, 45 ಡಿಗ್ರಿಯಾದರೆ ಶೇ 29ರಷ್ಟು, 60 ಡಿಗ್ರಿಯಾದರೆ ಸರಿಯಾಗಿ ಅರ್ಧ. ಇವೆಲ್ಲವನ್ನೂ ಕೂಡಿಸಿ, ನಿಚ್ಚಳ ಬಿಸಿಲಿನಲ್ಲಿ ಯುಎಸ್‌ಬಿ ತುದಿಗೆ ತಲುಪುವುದು ಲೇಬಲ್‌ನಲ್ಲಿರುವುದರ ಶೇ 60 ಎಂದು ಹಿಡಿಯುವುದು ನನ್ನ ಪದ್ಧತಿ. 28 ವ್ಯಾಟ್‌ನ ಫಲಕದಿಂದ 17 ವ್ಯಾಟ್ ಬಂದರೆ ಸಮಾಧಾನಪಡಿ. 20 ಮುಟ್ಟಿದರೆ ನಿಮ್ಮ ಕೈಗೆ ಒಳ್ಳೆಯ ಫಲಕವೇ ಸಿಕ್ಕಿದೆ.

17 ವ್ಯಾಟ್ ಬಂದಾಗ ಪವರ್ ಬ್ಯಾಂಕಿನ ಒಳಗೆ ಸೇರುವುದು ಗಂಟೆಗೆ 15 ವ್ಯಾಟ್-ಗಂಟೆ. ನಡೆಯುವ ದಿನಗಳಲ್ಲಿ ನಡುಹಗಲಿನ ವಿರಾಮದಲ್ಲಿ ಒಂದು ಗಂಟೆ, ಸಂಜೆ ಬಿಡಾರ ಹೂಡಿದ ಮೇಲೆ ಇಳಿಬಿಸಿಲಿನಲ್ಲಿ ಇನ್ನೊಂದು ಗಂಟೆ ಫಲಕವನ್ನು ಹರಡಬಹುದು. ಇಳಿಬಿಸಿಲಿಗೆ ಅರ್ಧ ಲೆಕ್ಕ. ಹೀಗೆ ಸುಮಾರು 22 ವ್ಯಾಟ್-ಗಂಟೆ ಸಿಕ್ಕರೆ, ದಿನದ 40ಕ್ಕೆ 18 ಕೊರತೆ ಬೀಳುತ್ತದೆ. ಹನ್ನೆರಡು ದಿನಕ್ಕೆ ಕೊರತೆ 216. ವಿಶ್ರಾಂತಿಯ ದಿನ ಐದು ಗಂಟೆ ಒಳ್ಳೆಯ ಬಿಸಿಲು ಸಿಕ್ಕರೆ 75 ಬಂದು 35 ಮಿಗುತ್ತದೆ, ನಾಲ್ಕು ದಿನಕ್ಕೆ 140. ಉಳಿದ 76ನ್ನು ಎರಡು ಪವರ್ ಬ್ಯಾಂಕ್‌ಗಳಲ್ಲಿ ಮೊದಲೇ ತುಂಬಿಕೊಂಡು ಹೋದ 148 ವ್ಯಾಟ್-ಗಂಟೆ ಭರಿಸುತ್ತದೆ. ಸಾಧನಗಳಲ್ಲಿ ತುಂಬಿದ್ದ ಶಕ್ತಿಯನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಅದು ಮೋಡದ ದಿನಗಳಿಗೆ ಮೀಸಲು. ವಿಶ್ರಾಂತಿಯ ದಿನಗಳನ್ನು ಕೈಬಿಟ್ಟು 16 ದಿನವೂ ನಡೆಯುವುದಾದರೆ ಮೀಸಲೆಲ್ಲ ಕರಗಿಹೋಗುತ್ತದೆ, ಆಗ ದೊಡ್ಡ ಫಲಕದ ಆಸೆ ಬಿಟ್ಟು ಮೂರನೆಯ ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ನಡೆಯುವಾಗಲೂ ಫಲಕ ಬೆನ್ನ ಮೇಲಿದ್ದರೆ ಈ ಕೊರತೆ ತುಂಬುವುದಲ್ಲವೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆಯ ತಿರುಳು. ಜಾಹೀರಾತಿನ ಚಿತ್ರಗಳಲ್ಲಿ ಎಲ್ಲರೂ ಹಾಗೆಯೇ ನಡೆಯುತ್ತಿರುತ್ತಾರೆ. ಆದರೆ ಬೆನ್ನಿಗೆ ನೇತುಹಾಕಿದ ಫಲಕ ಹೆಚ್ಚುಕಡಿಮೆ ಗೋಡೆಯಂತೆ ಲಂಬವಾಗಿರುತ್ತದೆ. ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ 70 ಡಿಗ್ರಿ ಮೇಲಿದ್ದಾಗ, ನಿಮ್ಮ ಬೆನ್ನು ಸರಿಯಾಗಿ ಸೂರ್ಯನ ದಿಕ್ಕಿಗೇ ಇದ್ದರೂ ಅಂಥ ಫಲಕಕ್ಕೆ ಸಿಗುವ ನೇರ ಬೆಳಕು ಮೂರನೇ ಒಂದು ಭಾಗ. ದಾರಿ ತಿರುಗಿ ಸೂರ್ಯ ನಿಮ್ಮ ಎದುರಿಗೆ ಬಂದರೆ ಫಲಕ ನಿಮ್ಮ ನೆರಳಿನಲ್ಲೇ ಇರುತ್ತದೆ. ಮರಗಳ ನಡುವಿನ ದಾರಿಯಾದರೆ ಕೇಳುವುದೇ ಬೇಡ. ಇದರ ಜೊತೆಗೆ ಪ್ರತಿ ಹೆಜ್ಜೆಗೂ ಫಲಕ ಅಲುಗಾಡಿ ಮಡಿಕೆಯ ಒಳಗಿನ ತಂತಿಗಳು ಸವೆಯುತ್ತವೆ, ಬಂಡೆಗೋ ಕೊಂಬೆಗೋ ತಾಗಿ ಕೋಶಗಳು ಸೀಳುತ್ತವೆ. ಮರಗಳೇ ಇಲ್ಲದ ಬಯಲಿನಲ್ಲಿ, ಬೆಳಗಿನ ಎಳೆಬಿಸಿಲು ಬೆನ್ನಿಗೆ ಬೀಳುವ ದಿಕ್ಕಿನಲ್ಲಿ ಗಂಟೆಗಟ್ಟಲೆ ನಡೆಯುವುದಿದ್ದರೆ ಮಾತ್ರ ಕಟ್ಟಿಕೊಳ್ಳಿ. ಚೀಲದ ಹಿಂಬದಿಗಿಂತ ಮೇಲ್ಭಾಗದ ಮುಚ್ಚಳದ ಮೇಲೆ ಚಪ್ಪಟೆಯಾಗಿ ಹಾಸಿದರೆ ಸ್ವಲ್ಪ ಮೇಲು.

ನೆರಳಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಒಂದೊಂದು ಸಿಲಿಕಾನ್ ಕೋಶ ಕೊಡುವುದು ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಮಾತ್ರ, ಆದ್ದರಿಂದ ಬೇಕಾದ ವೋಲ್ಟೇಜ್ ಪಡೆಯಲು ಹಲವು ಕೋಶಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಸರಣಿಯಲ್ಲಿ ಹರಿಯುವ ಪ್ರವಾಹವನ್ನು ನಿರ್ಧರಿಸುವುದು ಅದರಲ್ಲಿನ ಅತ್ಯಂತ ದುರ್ಬಲ ಕೋಶ. ಒಂದೇ ಒಂದು ಕೋಶದ ಮೇಲೆ ಎಲೆಯೊಂದು ಬಿದ್ದರೂ, ನಿಮ್ಮ ಟೊಪ್ಪಿಗೆ ಅದನ್ನು ಮುಚ್ಚಿದರೂ, ಆ ಇಡೀ ಸರಣಿಯ ಉತ್ಪಾದನೆ ಕುಸಿಯುತ್ತದೆ. ನೆರಳಾದ ಕೋಶವನ್ನು ಬಿಟ್ಟು ಪ್ರವಾಹವನ್ನು ಬೇರೆ ದಾರಿಯಲ್ಲಿ ಸಾಗಿಸುವ ಬೈಪಾಸ್ ಡಯೋಡ್‌ಗಳು ಚಾವಣಿಯ ಫಲಕಗಳಲ್ಲಿರುತ್ತವೆ, ಸಣ್ಣ ಮಡಚುವ ಫಲಕಗಳಲ್ಲಿ ಹಲವು ಬಾರಿ ಇರುವುದಿಲ್ಲ. ಚಾರ್ಜ್ ಆಗುತ್ತಿರುವ ಪವರ್ ಬ್ಯಾಂಕನ್ನು ಫಲಕದ ಅಂಚಿನ ಮೇಲೆಯೇ ಇಟ್ಟು, ಏಕೆ ಇಷ್ಟು ಕಡಿಮೆ ಬರುತ್ತಿದೆ ಎಂದು ತಲೆಕೆರೆದುಕೊಳ್ಳುವವರನ್ನು ನಾನು ಕಂಡಿದ್ದೇನೆ.

ಮೋಡದಿಂದ ಆಗುವುದು ಕೇವಲ ಇಳಿಕೆಯಲ್ಲ. ದಟ್ಟ ಮೋಡ ಕವಿದಾಗ ಉತ್ಪಾದನೆ ಹತ್ತನೇ ಒಂದರಿಂದ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ ನಿಜ, ಆದರೆ ಹೆಚ್ಚು ಕಾಡುವುದು ಬಂದು ಹೋಗುವ ಚದುರಿದ ಮೋಡಗಳು. ನೆರಳು ಬಿದ್ದಾಗ ಫಲಕದ ವೋಲ್ಟೇಜ್ ಕುಸಿದು ಸಂಪರ್ಕ ಕಡಿಯುತ್ತದೆ ಅಥವಾ ಫೋನು ಇದು ದುರ್ಬಲ ಮೂಲವೆಂದು ತೀರ್ಮಾನಿಸಿ ತಾನು ಎಳೆದುಕೊಳ್ಳುವ ಪ್ರವಾಹವನ್ನು ತಗ್ಗಿಸುತ್ತದೆ. ಮೋಡ ಸರಿದು ಬಿಸಿಲು ಮರಳಿದರೂ ಅದು ತಗ್ಗಿದ ಮಟ್ಟದಲ್ಲಿಯೇ ಮುಂದುವರಿಯುತ್ತದೆ, ಕೇಬಲ್ ಕಿತ್ತು ಮತ್ತೆ ಚುಚ್ಚುವವರೆಗೆ. ಬಹಳ ಹಿಂದೆ ನನ್ನದೇ ಒಂದು ಪ್ರವಾಸದಲ್ಲಿ ಫೋನನ್ನು ನೇರವಾಗಿ ಫಲಕಕ್ಕೆ ಜೋಡಿಸಿಟ್ಟು ಮಧ್ಯಾಹ್ನವೆಲ್ಲ ಸುತ್ತಾಡಿ ಬಂದಾಗ ಅದರಲ್ಲಿ ಬೆಳಗ್ಗೆಗಿಂತ ಕಡಿಮೆ ಚಾರ್ಜ್ ಇತ್ತು. ಮೋಡವೊಂದು ಬಂದು ಹೋದಾಗಲೆಲ್ಲ ಸಂಪರ್ಕ ಕಡಿದು ಕೂಡಿ, ಪ್ರತಿ ಸಲವೂ ಪರದೆ ಹೊತ್ತಿಕೊಂಡು, ಬಂದದ್ದಕ್ಕಿಂತ ಹೆಚ್ಚು ಖರ್ಚಾಗಿತ್ತು. ಈ ತೊಂದರೆಯನ್ನು ನೀಗಲು ಒಳ್ಳೆಯ ಫಲಕಗಳಲ್ಲಿ, ಬೆಳಕು ಮರಳಿದಾಗ ಸಂಪರ್ಕವನ್ನು ತಾನಾಗಿಯೇ ಹೊಸದಾಗಿ ಆರಂಭಿಸುವ ಆಟೋ ರೀಸ್ಟಾರ್ಟ್ ವ್ಯವಸ್ಥೆ ಇರುತ್ತದೆ. ಕೊಳ್ಳುವ ಮುನ್ನ ಇದು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇದ್ದರೂ ಫಲಕದಿಂದ ಪವರ್ ಬ್ಯಾಂಕಿಗೆ, ಅಲ್ಲಿಂದ ರಾತ್ರಿ ಫೋನಿಗೆ ಎಂಬ ಕ್ರಮವನ್ನೇ ಅನುಸರಿಸಿ. ನಡುವೆ ಒಂದಿಷ್ಟು ಶಕ್ತಿ ನಷ್ಟವಾದರೂ, ಹಗಲು ಫೋನು ನಿಮ್ಮ ಕೈಯಲ್ಲಿರುತ್ತದೆ, ಬಿಸಿಲಿನಲ್ಲಿ ಕಾಯುವುದಿಲ್ಲ.

ಹೀಗೆ ನೋಡಿದಾಗ ನಿಮ್ಮ ಮೊದಲ ಆಯ್ಕೆ ಏಕೆ ಬೇಡವೆಂಬುದು ತಾನಾಗಿಯೇ ತಿಳಿಯುತ್ತದೆ. ಅಂಥ ಪವರ್ ಬ್ಯಾಂಕಿನ ಒಂದೊಂದು ಮಡಿಕೆಯ ಫಲಕ ಸುಮಾರು ಒಂದೂವರೆ ವ್ಯಾಟಿನದು, ನಾಲ್ಕೂ ಸೇರಿ 6 ವ್ಯಾಟ್. ನಿಜವಾಗಿ ಸಿಗುವುದು 4 ಎಂದುಕೊಳ್ಳಿ. ಒಳಗಿನ ಬ್ಯಾಟರಿ 99 ವ್ಯಾಟ್-ಗಂಟೆಯದು. ಬಿಸಿಲಿನಿಂದಲೇ ಅದು ಪೂರ್ತಿ ತುಂಬಬೇಕಾದರೆ 28 ಗಂಟೆ ನೇರ ಬಿಸಿಲು ಬೇಕು, ದಿನಕ್ಕೆ ನಾಲ್ಕು ಗಂಟೆಯಂತೆ ಏಳು ದಿನ. ಬೆನ್ನಿಗೆ ಒಂದೇ ಫಲಕ ಅಂಟಿಸಿಕೊಂಡಿರುವ ಅಗ್ಗದ ಮಾದರಿಗಳಲ್ಲಾದರೆ ನೂರು ಗಂಟೆಯೂ ಸಾಲದು. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ: ಇಲ್ಲಿ ಫಲಕ ಬಿಸಿಲಿನಲ್ಲಿರಬೇಕಾದರೆ ಬ್ಯಾಟರಿಯೂ ಬಿಸಿಲಿನಲ್ಲೇ ಇರಬೇಕು. ಲಿಥಿಯಂ-ಅಯಾನ್ ಕೋಶಗಳನ್ನು 45 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಚಾರ್ಜ್ ಮಾಡಬಾರದು, ಮತ್ತು ಕಪ್ಪು ಪ್ಲಾಸ್ಟಿಕ್ ಕವಚ ನೇರ ಬಿಸಿಲಿನಲ್ಲಿ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಒಂದಕ್ಕೆ ಬಿಸಿಲು ಬೇಕು, ಇನ್ನೊಂದಕ್ಕೆ ನೆರಳು ಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಕೂಡಿಹಾಕುವ ವಿನ್ಯಾಸವೇ ನನಗೆ ಒಪ್ಪಿಗೆಯಿಲ್ಲ.

ಮೂರನೆಯ ಆಯ್ಕೆಯಲ್ಲಿ ದೋಷವೇನೂ ಇಲ್ಲ, ಅದು ನಡೆಯುವವರಿಗಾಗಿ ಮಾಡಿದ್ದಲ್ಲ ಅಷ್ಟೇ. ಫಲಕವೂ ಪವರ್ ಸ್ಟೇಷನ್ನೂ ಸೇರಿ ಹಲವು ಕಿಲೋ ತೂಗುತ್ತವೆ. ವಾಹನದಲ್ಲಿ ಹೋಗುವವರಿಗೆ, ಒಂದೇ ಬಿಡಾರದಲ್ಲಿ ವಾರಗಟ್ಟಲೆ ನಿಲ್ಲುವವರಿಗೆ, 60-70 ವ್ಯಾಟ್-ಗಂಟೆಯ ಬ್ಯಾಟರಿಯುಳ್ಳ ಲ್ಯಾಪ್‌ಟಾಪನ್ನೋ ಡ್ರೋನನ್ನೋ ದಿನವೂ ತುಂಬಿಸಬೇಕಾದವರಿಗೆ ಅದೇ ಸರಿ. ಬಿಸಿಲಿನ ಏರಿಳಿತಕ್ಕೆ ತಕ್ಕಂತೆ ಫಲಕದಿಂದ ಗರಿಷ್ಠ ಶಕ್ತಿ ಸೆಳೆಯುವ ಎಂಪಿಪಿಟಿ ನಿಯಂತ್ರಕ ಇಂಥ ಸ್ಟೇಷನ್‌ಗಳಲ್ಲಿರುತ್ತದೆ ಎಂಬುದು ಅವುಗಳ ನಿಜವಾದ ಮೇಲುಗೈ.

ಎರಡನೆಯ ಬಗೆಯಲ್ಲಿಯೂ ಎಲ್ಲ ಫಲಕಗಳು ಒಂದೇ ಅಲ್ಲ. ಲೇಬಲ್ ನಂಬಬಹುದೇ ಎಂದು ತಿಳಿಯಲು ಒಂದು ಅಳತೆಪಟ್ಟಿ ಸಾಕು. ಈಗ ಮಾರುಕಟ್ಟೆಯಲ್ಲಿರುವ ಒಳ್ಳೆಯ ಮಾನೋಕ್ರಿಸ್ಟಲಿನ್ ಕೋಶಗಳ ದಕ್ಷತೆ ಶೇ 20ರಿಂದ 24. ಅಂದರೆ ಒಂದು ಚದರ ಮೀಟರ್ ಕೋಶದಿಂದ ಪ್ರಯೋಗಾಲಯದ ಸ್ಥಿತಿಯಲ್ಲಿ ಸಿಗುವುದು ಸುಮಾರು 220 ವ್ಯಾಟ್. ಫಲಕವನ್ನು ಪೂರ್ತಿ ಬಿಚ್ಚಿ, ಬಟ್ಟೆಯ ಅಂಚು ಬಿಟ್ಟು ಕೋಶಗಳಿರುವ ಭಾಗವನ್ನಷ್ಟೇ ಅಳೆಯಿರಿ. ಅದು 60 ಸೆಂಟಿಮೀಟರ್ ಉದ್ದ, 22 ಸೆಂಟಿಮೀಟರ್ ಅಗಲವಿದ್ದರೆ ವಿಸ್ತೀರ್ಣ 0.132 ಚದರ ಮೀಟರ್, 220ರಿಂದ ಗುಣಿಸಿದರೆ 29 ವ್ಯಾಟ್. 28 ಎಂದು ಬರೆದದ್ದು ಪ್ರಾಮಾಣಿಕ. ಅಷ್ಟೇ ಗಾತ್ರದ ಫಲಕದ ಮೇಲೆ 60 ಎಂದು ಬರೆದಿದ್ದರೆ, ಎಷ್ಟೇ ನಕ್ಷತ್ರಗಳ ಶಿಫಾರಸು ಇದ್ದರೂ ಅದು ಸುಳ್ಳು. 1954ರಲ್ಲಿ ಬೆಲ್ ಪ್ರಯೋಗಾಲಯ ಲೋಕಕ್ಕೆ ತೋರಿಸಿದ ಸಿಲಿಕಾನ್ ಕೋಶದ ದಕ್ಷತೆ ಶೇ 6ರಷ್ಟಿತ್ತು. ಅಲ್ಲಿಂದ ಇಲ್ಲಿಯವರೆಗಿನ ಪ್ರಗತಿ ದೊಡ್ಡದೇ, ಆದರೆ ಸಿಲಿಕಾನ್ ಒಂದನ್ನೇ ಬಳಸುವ ಕೋಶಕ್ಕೆ ಶೇ 29ರ ಆಸುಪಾಸಿನಲ್ಲಿ ಭೌತಶಾಸ್ತ್ರವೇ ಹಾಕಿದ ಗಡಿಯಿದೆ. ಮಾರಾಟಗಾರರು ಅದನ್ನು ದಾಟಲಾರರು. ಮೇಲ್ಪದರದ ವಿಷಯದಲ್ಲಿ ಇಟಿಎಫ್‌ಇ ಎಂಬ ಬಾಳಿಕೆಯ ಪ್ಲಾಸ್ಟಿಕ್ಕಿನ ಲೇಪನವಿರುವುದನ್ನು ಆರಿಸಿ. ಪೆಟ್ ಪ್ಲಾಸ್ಟಿಕ್ಕಿನ ಲೇಪನ ಬಿಸಿಲಿಗೆ ಬೇಗ ಹಳದಿಗಟ್ಟಿ ಬಿರಿಯುತ್ತದೆ.

ಇನ್ನು ಕಿಂಡಿಗಳ ಕಡೆ ಗಮನವಿರಲಿ. ಸಾಮಾನ್ಯವಾಗಿ ಒಂದು ಯುಎಸ್‌ಬಿ-ಎ ಕಿಂಡಿಯಿಂದ 5 ವೋಲ್ಟ್‌ನಲ್ಲಿ ಗರಿಷ್ಠ 2.4 ಆಂಪಿಯರ್, ಅಂದರೆ 12 ವ್ಯಾಟ್ ಬರುತ್ತದೆ. ನಿಮ್ಮ ಫಲಕ 17 ವ್ಯಾಟ್ ಉತ್ಪಾದಿಸುತ್ತಿರುವಾಗ ಒಂದೇ ಕಿಂಡಿ ಬಳಸಿದರೆ ಉಳಿದ ಐದು ವ್ಯಾಟ್ ವ್ಯರ್ಥ. ನಾನು ಒಂದು ದೊಡ್ಡ ಪವರ್ ಬ್ಯಾಂಕಿನ ಬದಲು ಎರಡು ಹೇಳಿದ್ದಕ್ಕೆ ಇದೂ ಒಂದು ಕಾರಣ: ಎರಡನ್ನೂ ಏಕಕಾಲಕ್ಕೆ ಜೋಡಿಸಬಹುದು, ಮತ್ತು ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಪವರ್ ಬ್ಯಾಂಕ್ ಒಳಗೆಳೆದುಕೊಳ್ಳುವ ಮಿತಿಯನ್ನೂ ನೋಡಿ. ಕೆಲವು ಮಾದರಿಗಳು 18 ವ್ಯಾಟ್ ಸ್ವೀಕರಿಸುತ್ತವೆಂದು ಹೇಳಿಕೊಂಡರೂ ಅದು 9 ವೋಲ್ಟ್‌ನಲ್ಲಿ ಮಾತ್ರ, 5 ವೋಲ್ಟ್‌ನಲ್ಲಿ ಅವು 10 ವ್ಯಾಟ್‌ಗೇ ನಿಲ್ಲುತ್ತವೆ. ಕೇಬಲ್ ಚಿಕ್ಕದಿರಲಿ, ದಪ್ಪ ತಂತಿಯದಿರಲಿ. ಉದ್ದನೆಯ ತೆಳು ಕೇಬಲ್‌ನಲ್ಲಿ 0.3 ಓಮ್ ಪ್ರತಿರೋಧವಿದ್ದರೂ 2 ಆಂಪಿಯರ್ ಹರಿಯುವಾಗ 0.6 ವೋಲ್ಟ್ ಅಲ್ಲಿಯೇ ಬಿದ್ದುಹೋಗಿ, ಇನ್ನೊಂದು ತುದಿಗೆ 4.4 ತಲುಪುತ್ತದೆ. ಸಾಧನ ಅದನ್ನು ಕಂಡು ಪ್ರವಾಹವನ್ನು ತಗ್ಗಿಸುತ್ತದೆ. ತಂತಿಯಿಲ್ಲದ ಚಾರ್ಜಿಂಗ್ ಬೇಡವೇ ಬೇಡ, ಅಮೂಲ್ಯವಾದ ಶಕ್ತಿಯನ್ನು ಅದು ಬಿಸಿಯಾಗಿಸಿ ಚೆಲ್ಲುತ್ತದೆ.

ಪರ್ವತದ ಚಳಿಯಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿಯೆಂದರೆ, ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಆಗ ಲಿಥಿಯಂ ಋಣಧ್ರುವದ ಒಳಗೆ ಸೇರಿಕೊಳ್ಳುವ ಬದಲು ಅದರ ಮೇಲೆ ಲೋಹವಾಗಿ ಕೂರುತ್ತದೆ, ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ, ಅಪಾಯವೂ ಹೆಚ್ಚುತ್ತದೆ. ರಾತ್ರಿ ಪವರ್ ಬ್ಯಾಂಕ್ ಮತ್ತು ಫೋನುಗಳನ್ನು ನಿದ್ರಾಚೀಲದೊಳಗೆ ಇಟ್ಟುಕೊಂಡು ಮಲಗಿ. ಬೆಳಗ್ಗೆ ಅವು ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಫಲಕದ ನೆರಳಿನ ಬದಿಗೆ ಇಟ್ಟು ಜೋಡಿಸಿ. ಫಲಕಕ್ಕೆ ಮಾತ್ರ ಚಳಿಯಿಂದ ಲಾಭವೇ. ಮಳೆಯ ವಿಷಯಕ್ಕೆ ಬಂದರೆ, ಕೋಶಗಳು ನೀರಿಗೆ ಹೆದರುವುದಿಲ್ಲ, ಕಿಂಡಿಗಳಿರುವ ಪೆಟ್ಟಿಗೆ ಹೆದರುತ್ತದೆ.

ವಿಮಾನದಲ್ಲಿ ಹೋಗುವುದಿದ್ದರೆ ಇನ್ನೊಂದು ಮಾತು. ಅಂತರರಾಷ್ಟ್ರೀಯ ವಿಮಾನಯಾನದ ನಿಯಮದಂತೆ ಪವರ್ ಬ್ಯಾಂಕ್‌ಗಳು ಕೈಚೀಲದಲ್ಲಿಯೇ ಇರಬೇಕು, ಸರಕಿನ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಗಂಟೆಯವರೆಗಿನವಕ್ಕೆ ವಿಶೇಷ ಅನುಮತಿ ಬೇಡ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನವು ಪ್ರಯಾಣಿಕರೊಂದಿಗೆ ಹೋಗುವುದಿಲ್ಲ. 26,800 ಎಂಬ ವಿಚಿತ್ರ ಸಂಖ್ಯೆಯ ಗುಟ್ಟು ಇದೇ: 3.7ರಿಂದ ಗುಣಿಸಿದರೆ 99.16 ಬರುತ್ತದೆ. ಸಂಸ್ಥೆಗಳು ತಮ್ಮದೇ ಹೆಚ್ಚುವರಿ ನಿರ್ಬಂಧಗಳನ್ನು ಹಾಕುವುದುಂಟು, ಆದ್ದರಿಂದ ಟಿಕೆಟ್ಟಿನ ಜೊತೆಗೆ ಅದನ್ನೂ ಓದಿಕೊಳ್ಳಿ. ಬ್ಯಾಟರಿಯಿಲ್ಲದ ಬರಿಯ ಫಲಕಕ್ಕೆ ಈ ತೊಡಕುಗಳಿಲ್ಲ.

ಉತ್ಪಾದನೆಯ ಬಗ್ಗೆ ಇಷ್ಟು ಹೇಳಿದ ಮೇಲೆ ಉಳಿತಾಯದ ಬಗ್ಗೆ ಒಂದೇ ಸಲಹೆ: ಸಂಪರ್ಕವಿಲ್ಲದ ಜಾಗದಲ್ಲಿ ಫೋನು ಬಿಡದೆ ಟವರನ್ನು ಹುಡುಕುತ್ತಾ ಶಕ್ತಿ ಖರ್ಚು ಮಾಡುತ್ತಿರುತ್ತದೆ, ಜೇಬಿನಲ್ಲಿ ಸುಮ್ಮನಿದ್ದರೂ ಒಂದೇ ದಿನದಲ್ಲಿ ಬರಿದಾಗಬಹುದು. ಏರ್‌ಪ್ಲೇನ್ ಮೋಡ್‌ನಲ್ಲಿಯೂ ಜಿಪಿಎಸ್ ಕೆಲಸ ಮಾಡುತ್ತದೆ. ಭೂಪಟಗಳನ್ನು ಮೊದಲೇ ಇಳಿಸಿಕೊಂಡಿದ್ದರೆ ಬೇರೇನೂ ಬೇಕಿಲ್ಲ. ಮೇಲೆ ನಾನು ಹಾಕಿದ ದಿನಕ್ಕೆ 6 ವ್ಯಾಟ್-ಗಂಟೆಯ ಲೆಕ್ಕ ನಿಂತಿರುವುದು ಇದೊಂದರ ಮೇಲೆ.

ಫಲಕ ಕೈಗೆ ಬಂದ ಮೇಲೆ ಹೊರಡುವ ದಿನದವರೆಗೆ ಅದನ್ನು ಡಬ್ಬಿಯಲ್ಲಿಯೇ ಇಡಬೇಡಿ. ಯುಎಸ್‌ಬಿ ಕಿಂಡಿಗೂ ಕೇಬಲಿಗೂ ನಡುವೆ ಸಿಕ್ಕಿಸುವ, ವೋಲ್ಟ್ ಮತ್ತು ಆಂಪಿಯರ್ ತೋರಿಸುವ ಪುಟ್ಟ ಮಾಪಕಗಳು ಸಿಗುತ್ತವೆ. ಅಂಥ ಎರಡನ್ನು ತೆಗೆದುಕೊಂಡು, ಮೋಡವಿಲ್ಲದ ಒಂದು ಮಧ್ಯಾಹ್ನ ಫಲಕವನ್ನು ಸೂರ್ಯನಿಗೆ ಎದುರಾಗಿ ಓರೆಗೊಳಿಸಿ, ಅರ್ಧಕ್ಕಿಂತ ಕಡಿಮೆ ತುಂಬಿರುವ ಎರಡು ಪವರ್ ಬ್ಯಾಂಕ್‌ಗಳನ್ನು ಎರಡೂ ಕಿಂಡಿಗಳಿಗೆ ಜೋಡಿಸಿ ನೋಡಿ. ತುಂಬುತ್ತ ಬಂದ ಪವರ್ ಬ್ಯಾಂಕ್ ತಾನಾಗಿಯೇ ಕಡಿಮೆ ಎಳೆದುಕೊಳ್ಳುವುದರಿಂದ ಅಳತೆ ತಪ್ಪುತ್ತದೆ, ಅದಕ್ಕಾಗಿ ಈ ಎಚ್ಚರಿಕೆ. ಫಲಕದ ಮೇಲೆ ನೇರವಾಗಿ ನಿಲ್ಲಿಸಿದ ಪೆನ್ಸಿಲಿನ ನೆರಳು ಕಾಣದಂತಾದರೆ ಕೋನ ಸರಿಯಿದೆ ಎಂದರ್ಥ. ಒಂದೊಂದು ಮಾಪಕದ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ, ಎರಡರ ಮೊತ್ತ 16 ವ್ಯಾಟ್ ದಾಟಬೇಕು. ಬಳಿಕ ರಟ್ಟಿನ ತುಂಡಿನಿಂದ ಪೂರ್ತಿ ಫಲಕವನ್ನು ಒಂದು ನಿಮಿಷ ಮುಚ್ಚಿ ತೆಗೆಯಿರಿ. ಅರ್ಧ ನಿಮಿಷದೊಳಗೆ ಅಂಕಿ ಮೊದಲಿನ ಮಟ್ಟಕ್ಕೆ ಮರಳಬೇಕು. ಮೊತ್ತ 12ನ್ನೂ ದಾಟದಿದ್ದರೆ ಅಥವಾ ಮುಚ್ಚಿ ತೆಗೆದ ಮೇಲೆ ಅಂಕಿ ಮೇಲೇಳದಿದ್ದರೆ, ಹಿಂತಿರುಗಿಸುವ ಅವಧಿ ಮುಗಿಯುವ ಮುನ್ನ ಅದನ್ನು ಕೊಂಡಲ್ಲಿಗೇ ಕಳಿಸಿಬಿಡಿ.